ಅನ್ನ ಉಣ್ಣುವ ನಾಡಿನಲ್ಲಿ ಸೀಲಿಯಾಕ್: ಕಾಣದ ಗೋಧಿಯನ್ನು ದೂರವಿಡುವ ಬಗೆ

ಕಾಸರಗೋಡಿನ ಕಡೆ ಯಾರಿಗಾದರೂ ಸೀಲಿಯಾಕ್ ಕಾಯಿಲೆ ಇದೆಯೆಂದು ಗೊತ್ತಾದರೆ ನೆಂಟರಿಷ್ಟರು ಮೊದಲು ಹೇಳುವ ಸಮಾಧಾನ, "ನಾವು ಹೇಗೂ ಅನ್ನ ಉಣ್ಣುವವರು, ಚಪಾತಿ ಬಿಟ್ಟರಾಯಿತು" ಎಂಬುದು. ಈ ಮಾತು ಅರ್ಧ ನಿಜ. ಕುಚ್ಚಿಲಕ್ಕಿ ಗಂಜಿ, ನೀರುದೋಸೆ, ಕೊಟ್ಟಿಗೆ, ಉಂಡೆ, ಪತ್ರೊಡೆ, ಒತ್ತುಶ್ಯಾವಿಗೆ, ಕೋರಿರೊಟ್ಟಿ, ಪತ್ತಿರಿ ಇವೆಲ್ಲವೂ ಅಕ್ಕಿಯವೇ ಆಗಿರುವುದರಿಂದ ಮೂರು ಹೊತ್ತು ಗೋಧಿ ರೊಟ್ಟಿ ತಿನ್ನುವ ಸೀಮೆಯ ರೋಗಿಗಿಂತ ನಮ್ಮವರ ದಾರಿ ಸುಲಭ. ಆದರೆ ಈ ಕಾಯಿಲೆಯಲ್ಲಿ ತೊಂದರೆ ಕೊಡುವುದು ಕಣ್ಣಿಗೆ ಕಾಣುವ ಗೋಧಿಗಿಂತ ಹೆಚ್ಚಾಗಿ ಕಾಣದ ಗೋಧಿ. ಚಪಾತಿಯನ್ನು ಒಂದೇ ದಿನದಲ್ಲಿ ಬಿಡಬಹುದು. ಇಂಗಿನ ಡಬ್ಬಿ, ಹುಡಿ ಮಾಡುವ ಮಿಲ್ಲು ಮತ್ತು ಜೆಂಬರದ (ಮದುವೆ, ಪೂಜೆಯಂಥ ಸಮಾರಂಭದ) ಊಟ, ಈ ಮೂರರ ವಿಷಯದಲ್ಲಿ ಮಾತ್ರ ಮೈಯೆಲ್ಲ ಕಣ್ಣಾಗಿರಬೇಕಾಗುತ್ತದೆ.

ಸೀಲಿಯಾಕ್ ಎಂದರೆ ಬರಿಯ ಅಜೀರ್ಣವಲ್ಲ, ಸಾಮಾನ್ಯ ಅರ್ಥದ ಅಲರ್ಜಿಯೂ ಅಲ್ಲ. ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಹೊಟ್ಟೆ ಸೇರಿದಾಗ ದೇಹದ ರೋಗನಿರೋಧಕ ವ್ಯವಸ್ಥೆಯೇ ಸಣ್ಣ ಕರುಳಿನ ಒಳಪದರದ ಮೇಲೆ ತಿರುಗಿಬಿದ್ದು, ಆಹಾರದ ಸತ್ವವನ್ನು ಹೀರಿಕೊಳ್ಳುವ ಸೂಕ್ಷ್ಮ ಎಳೆಗಳನ್ನು ಸವೆಸುತ್ತದೆ. ಕೆಲವರಿಗೆ ಭೇದಿ, ಹೊಟ್ಟೆಯುಬ್ಬರ, ತೂಕದ ಇಳಿಕೆ ಕಾಣಿಸಿಕೊಂಡರೆ, ಮಕ್ಕಳಲ್ಲಿ ಬೆಳವಣಿಗೆಯೇ ಕುಂಠಿತವಾಗಬಹುದು. ಹೊಟ್ಟೆಯ ತೊಂದರೆ ಒಂದೂ ಇಲ್ಲದೆ, ಎಷ್ಟು ಕಬ್ಬಿಣಾಂಶದ ಮಾತ್ರೆ ನುಂಗಿದರೂ ವಾಸಿಯಾಗದ ರಕ್ತಹೀನತೆಯಾಗಿ ಅಥವಾ ಮೂಳೆ ಸವೆತವಾಗಿ ಮಾತ್ರ ಕಾಣಿಸಿಕೊಳ್ಳುವುದೂ ಉಂಟು. ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ ಅವರು 1950ರ ತಮ್ಮ ಪ್ರಬಂಧದಲ್ಲಿ ಗೋಧಿಯ ಪಾತ್ರವನ್ನು ತೋರಿಸಿಕೊಟ್ಟಂದಿನಿಂದ ಇಂದಿನವರೆಗೂ ಇದಕ್ಕೆ ನೆಚ್ಚಬಹುದಾದ ಚಿಕಿತ್ಸೆ ಒಂದೇ: ಜೀವನಪೂರ್ತಿ ಗ್ಲುಟೆನ್ ಇಲ್ಲದ ಆಹಾರ.

ಸಂಶಯ ಬಂದ ಕೂಡಲೇ ಗೋಧಿ ಬಿಟ್ಟು ನೋಡುವ ಆತುರ ಸಹಜ. ದಯವಿಟ್ಟು ಹಾಗೆ ಮಾಡಬೇಡಿ. ಟಿಟಿಜಿ-ಐಜಿಎ ಎಂಬ ರಕ್ತಪರೀಕ್ಷೆಯಾಗಲಿ, ಎಂಡೋಸ್ಕೋಪಿ ಮಾಡಿ ಸಣ್ಣ ಕರುಳಿನ ಚೂರು ತೆಗೆದು ನೋಡುವ ಬಯಾಪ್ಸಿಯಾಗಲಿ, ರೋಗಿ ಗೋಧಿ ತಿನ್ನುತ್ತಿರುವಾಗಲೇ ನಡೆಯಬೇಕು. ಮೊದಲೇ ಬಿಟ್ಟರೆ ಕರುಳು ಚೇತರಿಸಿಕೊಳ್ಳತೊಡಗಿ, ಕಾಯಿಲೆ ಇದ್ದರೂ ಇಲ್ಲವೆಂಬ ಫಲಿತಾಂಶ ಬರಬಹುದು. ಉತ್ತರ ಭಾರತದಲ್ಲಿ ಸುಮಾರು ನೂರಕ್ಕೆ ಒಬ್ಬರಲ್ಲಿರುವ ಈ ಕಾಯಿಲೆ ದಕ್ಷಿಣದಲ್ಲಿ ಬಹಳ ವಿರಳವಾದ್ದರಿಂದ ಇಲ್ಲಿ ಅದರ ಸಂಶಯ ಬರುವುದೇ ತಡವಾಗಬಹುದು. ಕಾರಣ ತಿಳಿಯದ ರಕ್ತಹೀನತೆ ವರ್ಷಗಟ್ಟಲೆ ಉಳಿದಿದ್ದರೆ, ಸೀಲಿಯಾಕ್ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ನೀವೇ ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಇನ್ನು ಅಡುಗೆಮನೆಗೆ ಬರೋಣ. ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಇಂಗಿನ ಡಬ್ಬಿ. ಅಂಗಡಿಯಲ್ಲಿ ಸಿಗುವ ಇಂಗು ಹೆಚ್ಚಾಗಿ ಶುದ್ಧ ಇಂಗಲ್ಲ. ಇಂಗಿನ ಗೋಂದಿಗೆ ಮೈದಾ ಅಥವಾ ಅಕ್ಕಿ ಹುಡಿ ಬೆರೆಸಿ ತಯಾರಿಸಿದ ಮಿಶ್ರಣ. ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಅದನ್ನು ಮುದ್ರಿಸಿರುತ್ತಾರೆ. ಗಟ್ಟಿ ಇಂಗಿನಲ್ಲಿ ಹಿಟ್ಟು ಇರಲಾರದೆಂಬ ನಂಬಿಕೆಯೂ ಸರಿಯಲ್ಲ, ಅದರಲ್ಲೂ ಇರಬಹುದು. ಸಾರು, ಕೊದಿಲು (ಸಾಂಬಾರು), ಉಪ್ಪಿನಕಾಯಿ, ಮಜ್ಜಿಗೆಯ ಒಗ್ಗರಣೆ ಎಲ್ಲದಕ್ಕೂ ಇಂಗು ಬೇಕೆನ್ನುವ ನಮ್ಮ ಮನೆಗಳಲ್ಲಿ, ಚಪಾತಿಯನ್ನು ಸಂಪೂರ್ಣ ಬಿಟ್ಟ ರೋಗಿಯ ಹೊಟ್ಟೆಗೂ ದಿನವೂ ಚೂರುಚೂರು ಗೋಧಿ ಹೋಗುತ್ತಿರುವುದು ಹೀಗೆಯೇ. ಅಕ್ಕಿ ಹುಡಿ ಬೆರೆಸಿದ್ದೆಂದು ಸ್ಪಷ್ಟವಾಗಿ ಬರೆದಿರುವ, ಗ್ಲುಟೆನ್ ಇಲ್ಲವೆಂಬ ಗುರುತಿರುವ ಇಂಗನ್ನೇ ಹುಡುಕಿ ತನ್ನಿ. ಸಿಗದಿದ್ದರೆ ಬೆಳ್ಳುಳ್ಳಿ ಒಗ್ಗರಣೆ ಹಾಕಿ. ಬೆಳ್ಳುಳ್ಳಿ ತಿನ್ನದವರ ಮನೆಯಲ್ಲಿ ಸಾಸಿವೆ, ಬೇವಿನಸೊಪ್ಪು, ಜೀರಿಗೆ ಸಾಕು. ಈ ಒಂದು ಬದಲಾವಣೆಯಿಂದ ಆಗುವ ಪ್ರಯೋಜನ ದೊಡ್ಡದು ಎಂದು ನಾನು ಒತ್ತಿ ಹೇಳುತ್ತೇನೆ.

ಎರಡನೆಯದು ಮಿಲ್ಲು. ಗೋಧಿ ಹುಡಿ ಮಾಡಿದ ಯಂತ್ರಕ್ಕೇ ಅಕ್ಕಿಯನ್ನೋ ರಾಗಿಯನ್ನೋ ಸುರಿದರೆ ಒಳಗೆ ಅಂಟಿಕೊಂಡಿದ್ದ ಗೋಧಿ ಅದರೊಂದಿಗೆ ಬೆರೆತು ಬರುತ್ತದೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋದರೂ ಹಿಂದಿನ ದಿನದ ಹುಡಿ ಒಳಗೇ ಇರುತ್ತದೆ. ನಮ್ಮ ಹೆಚ್ಚಿನ ತಿಂಡಿಗಳು ನೆನೆಸಿ ಅರೆಯುವಂಥವಾದ್ದರಿಂದ ಮಿಲ್ಲಿನ ಅಗತ್ಯ ಅಷ್ಟಾಗಿ ಬೀಳುವುದಿಲ್ಲ. ಪತ್ತಿರಿಗೋ ಪುಟ್ಟಿಗೋ ಒಣ ಹುಡಿಯೇ ಬೇಕಾದರೆ, ಬೆಳ್ತಿಗೆ ಅಕ್ಕಿಯನ್ನು (ಕುಚ್ಚಿಲು ಮಾಡದ ಬಿಳಿ ಅಕ್ಕಿ) ತೊಳೆದು ಎರಡು ಗಂಟೆ ನೆನೆಸಿ, ನೀರು ಬಸಿದು, ಶುಭ್ರವಾದ ಬಟ್ಟೆಯ ಮೇಲೆ ಹರಡಬೇಕು. ಮುಷ್ಟಿ ಹಿಡಿದು ಬಿಟ್ಟಾಗ ಅಂಗೈಗೆ ಅಂಟದಷ್ಟು ಆರಿದ ಮೇಲೆ ಸ್ವಲ್ಪ ಸ್ವಲ್ಪವೇ ಮಿಕ್ಸಿಗೆ ಹಾಕಿ ಹುಡಿ ಮಾಡಿ, ಜರಡಿ ಹಿಡಿದು, ಬಾಣಲೆಯಲ್ಲಿ ಬಣ್ಣ ಬದಲಾಗದಂತೆ ಸಣ್ಣ ಉರಿಯಲ್ಲಿ ಹುರಿಯಬೇಕು. ಆ ಜರಡಿ ಮೈದಾ ಕಂಡದ್ದಾಗಿರಬಾರದು. ಚಪಾತಿಯ ಮಣೆ, ಲಟ್ಟಣಿಗೆ, ಮರದ ಸೌಟುಗಳ ವಿಷಯದಲ್ಲೂ ಇದೇ ನಿಯಮ, ಏಕೆಂದರೆ ಮರದ ಬಿರುಕಿನಲ್ಲಿ ಕೂತ ಹಿಟ್ಟು ತೊಳೆದರೆ ಹೋಗುವುದಿಲ್ಲ. ಸ್ಟೀಲ್ ಪಾತ್ರೆಯನ್ನು ಚೆನ್ನಾಗಿ ಉಜ್ಜಿ ತೊಳೆದರೆ ಬಳಸಬಹುದು. ಮನೆಮಂದಿಯೆಲ್ಲ ಗೋಧಿ ಬಿಡಲೇಬೇಕೆಂದಿಲ್ಲ. ಆದರೆ ದೋಸೆಯ ಕಾವಲಿ ರೋಗಿಗೆ ಬೇರೆಯೇ ಇರಲಿ.

ಹೆಸರಿನಲ್ಲಿ ಗೋಧಿ ಇಲ್ಲದಿದ್ದರೂ ಗೋಧಿಯೇ ಆಗಿರುವ ಪದಾರ್ಥಗಳು ಹಲವು. ಸಜ್ಜಿಗೆಯ ರವೆ, ಪಾಯಸದ ಶ್ಯಾವಿಗೆ, ಗೋಳಿಬಜೆ, ಬನ್ಸ್, ಪರೋಟ, ಹೋಳಿಗೆಯ ಕಣಕ ಎಲ್ಲವೂ ಸಾಮಾನ್ಯವಾಗಿ ಗೋಧಿ ಅಥವಾ ಮೈದಾ. ಉಷ್ಣಕ್ಕೆಂದು ಕುದಿಸಿ ಕುಡಿಯುವ ಬಾರ್ಲಿ ನೀರು ಮತ್ತು ಹಾಲಿಗೆ ಬೆರೆಸುವ ಮಾಲ್ಟ್ ಹುಡಿಗಳು ಕೂಡದು. ಅಂಗನವಾಡಿಯಿಂದ ಎಳೆಯ ಮಕ್ಕಳಿಗೆ ಸಿಗುವ, ಕೇರಳದ ಮಹಿಳಾ ಸ್ವಸಹಾಯ ಸಂಘಗಳಾದ ಕುಟುಂಬಶ್ರೀ ಘಟಕಗಳು ತಯಾರಿಸುವ ಅಮೃತಂ ಪೊಡಿ ಎಂಬ ಪೌಷ್ಟಿಕ ಹುಡಿಯಲ್ಲಿ ಗೋಧಿ ಇದೆ. ಸೀಲಿಯಾಕ್ ಇರುವ ಮಗುವಿಗೆ ಅದನ್ನು ಕೊಡಬಾರದೆಂದು ಅಂಗನವಾಡಿ ಟೀಚರಿಗೂ ತಿಳಿಸಿಡಬೇಕು. ಓಟ್ಸ್‌ಗೆ ಗೋಧಿ ಬೆರೆತಿರುವುದು ಸಾಮಾನ್ಯವಾದ್ದರಿಂದ ಮೊದಲ ವರ್ಷ ಅದನ್ನು ಬಿಡುವುದೇ ಕ್ಷೇಮ. ಕಷಾಯ, ಲೇಹ್ಯಗಳನ್ನು ಕೊಳ್ಳುವಾಗ ಪಟ್ಟಿಯಲ್ಲಿ ಯವ ಎಂದಿದ್ದರೆ ಅದು ಬಾರ್ಲಿಯೇ ಎಂಬುದು ನೆನಪಿರಲಿ. ಪೊಟ್ಟಣದ ಆಹಾರದ ಮೇಲೆ ಗ್ಲುಟೆನ್ ಇಲ್ಲವೆಂದು ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದೆಂಬುದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮ.

ಜೆಂಬರದ ಊಟವೇ ಎಲ್ಲಕ್ಕಿಂತ ಕಷ್ಟದ್ದು, ಏಕೆಂದರೆ ಅಲ್ಲಿ ಪ್ರೀತಿ ಅಡ್ಡ ಬರುತ್ತದೆ. "ಒಂದು ತುಂಡು ಹೋಳಿಗೆಯಿಂದ ಏನಾಗುತ್ತದೆ ಮಗಾ" ಎಂದು ಅತ್ತೆಯೋ ದೊಡ್ಡಮ್ಮನೋ ಎಲೆಗೆ ಹಾಕಿಬಿಟ್ಟರೆ ಸಂಕೋಚದಿಂದ ತಿನ್ನುವವರೇ ಹೆಚ್ಚು. ತಿಂದ ದಿನ ಏನೂ ಅನ್ನಿಸದಿದ್ದರೂ ಒಳಗೆ ಕರುಳಿಗೆ ಹಾನಿ ಆಗುತ್ತದೆ ಎಂಬುದನ್ನು ಹಿರಿಯರಿಗೆ ಮೊದಲೇ, ಮನೆಯಲ್ಲಿ ಕೂತು, ಸಾವಧಾನವಾಗಿ ಹೇಳಿಡಬೇಕು. ಹಿಂದಿನ ದಿನವೇ ಅಡುಗೆಯವರನ್ನು ಕಂಡು, "ಭಟ್ರೇ, ಸಾರಿಗೂ ಕೊದಿಲಿಗೂ ಇಂಗು ಹಾಕುವ ಮೊದಲು ಒಂದು ಸಣ್ಣ ಪಾತ್ರೆಯಲ್ಲಿ ತೆಗೆದಿಡಬಹುದೇ" ಎಂದು ಕೇಳಿ. ಕಾರಣ ಹೇಳಿ ಕೇಳಿದರೆ ಬೇಡವೆನ್ನುವವರು ಕಡಿಮೆ. ಗೋಳಿಬಜೆ ಕಾಯಿಸಿದ ಎಣ್ಣೆಯಲ್ಲೇ ಹಲಸಿನ ಹಪ್ಪಳ ಕಾಯಿಸಿದ್ದರೆ ಆ ಹಪ್ಪಳವೂ ಬೇಡ. ಅಪ್ಪವನ್ನು ಅಕ್ಕಿಯಿಂದಲೂ ಗೋಧಿಯಿಂದಲೂ ಮಾಡುವ ರೂಢಿ ಇರುವುದರಿಂದ, ಪ್ರಸಾದವೇ ಆದರೂ ಕೇಳಿ ತಿಳಿದ ಮೇಲೆಯೇ ಬಾಯಿಗಿಡಿ. ಸಂಶಯವಿದ್ದರೆ ಕಣ್ಣಿಗೊತ್ತಿಕೊಂಡು ಮನೆಯವರಿಗೆ ಕೊಡಬಹುದು. ಹೋಟೆಲಿನಲ್ಲಿ ಪರೋಟದ ಕಾವಲಿಯ ದೋಸೆ, ಮೀನಿನ ರವಾ ಫ್ರೈ, ಸೋಯಾ ಸಾಸ್ ಹಾಕಿದ ಗೋಬಿ ಮಂಚೂರಿ ಇವುಗಳಿಂದ ದೂರವಿರಿ.

ಬಿಟ್ಟದ್ದನ್ನು ತುಂಬಿಕೊಳ್ಳಲು ಬರಿಯ ಬಿಳಿ ಅನ್ನ ಸಾಲದು. ಮನೆಯಲ್ಲೇ ಹುಡಿ ಮಾಡಿದ ರಾಗಿ, ಹೆಸರು, ಕಡಲೆ, ಮರಗೆಣಸು, ಕೂವೆಹುಡಿ, ಹಲಸು ಎಲ್ಲವೂ ಇರಲಿ. 2021ರಲ್ಲಿ ಬಾಕಾಹು ಎಂಬ ಹೆಸರಿನಿಂದ ಮನೆಮಾತಾದ ಬಾಳೆಕಾಯಿ ಹುಡಿಯಿಂದ ರೊಟ್ಟಿ, ದೋಸೆ ಚೆನ್ನಾಗಿ ಆಗುತ್ತವೆ. ತೋಟವಿದ್ದವರಿಗೆ ಇದಕ್ಕಿಂತ ಒಳ್ಳೆಯ ಹಿಟ್ಟು ಬೇರೆ ಬೇಡ. ಆರಂಭದಲ್ಲಿ ಹಾಲು ಕುಡಿದರೆ ಹೊಟ್ಟೆ ಕೆಡಬಹುದು, ಕರುಳು ಮಾಗಿದಂತೆ ಅದು ಸಾಮಾನ್ಯವಾಗಿ ಸರಿಹೋಗುತ್ತದೆ.

ಕೆಲವೇ ವಾರಗಳಲ್ಲಿ ಹಲವರಿಗೆ ಹುಷಾರೆನಿಸಿದರೂ ದೊಡ್ಡವರ ಕರುಳು ಪೂರ್ತಿ ಮಾಗಲು ಎರಡು ವರ್ಷವೋ ಇನ್ನೂ ಹೆಚ್ಚೋ ಹಿಡಿಯಬಹುದು. ಆರು ತಿಂಗಳಿಗೂ ವರ್ಷಕ್ಕೂ ಟಿಟಿಜಿ ಪರೀಕ್ಷೆ ಮಾಡಿಸಿ. ಪ್ರಮಾಣ ಇಳಿಯದಿದ್ದರೆ ಔಷಧ ಹುಡುಕುವ ಮೊದಲು ಇಂಗಿನ ಡಬ್ಬಿಯನ್ನೂ ಹುಡಿಯ ಮೂಲವನ್ನೂ ಮತ್ತೊಮ್ಮೆ ನೋಡಿ. ಕಬ್ಬಿಣಾಂಶ, ಬಿ12, ಫೋಲಿಕ್ ಆಮ್ಲ, ವಿಟಮಿನ್ ಡಿ, ಮೂಳೆಯ ಸಾಂದ್ರತೆಗಳನ್ನು ವೈದ್ಯರ ಸಲಹೆಯಂತೆ ಪರೀಕ್ಷಿಸಬೇಕು. ಈ ಕಾಯಿಲೆ ವಂಶವಾಹಿಗಳೊಂದಿಗೆ ಸಂಬಂಧವಿರುವಂಥದ್ದು, ಆದ್ದರಿಂದ ರೋಗಿಯ ತಂದೆ ತಾಯಿ, ಒಡಹುಟ್ಟಿದವರು, ಮಕ್ಕಳು ಲಕ್ಷಣವಿಲ್ಲದಿದ್ದರೂ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಪರೀಕ್ಷೆ ಮುಗಿಯುವ ತನಕ ಅವರು ಗೋಧಿ ತಿನ್ನುವುದನ್ನು ನಿಲ್ಲಿಸಬಾರದು.