ಇಲಿ ಕಡಿದ ಎಬಿಎಸ್ ವೈರ್, ಮನೇಲೇ ಸರಿ ಮಾಡ್ಕೊಂಡೆ

ಮಳೆ ಅಂತ ನಾಲ್ಕು ದಿನ ಕಾರು ತೆಗೀದೆ ನಿಲ್ಸಿದ್ದೆ, ಐದನೇ ದಿನ ಸ್ಟಾರ್ಟ್ ಮಾಡಿದ್ರೆ ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂಗೆ ನೋಡ್ಕೊಳ್ಳೋ ವ್ಯವಸ್ಥೆ) ಲೈಟ್ ಆರ್ತಾನೇ ಇಲ್ಲ. ಸ್ಕ್ಯಾನರ್ ಹಾಕಿದ್ರೆ ಮುಂದಿನ ಎಡ ವೀಲ್ ಸ್ಪೀಡ್ ಸೆನ್ಸರ್ (ಚಕ್ರ ತಿರುಗೋ ವೇಗ ಅಳೆಯೋದು) ದೋಷ ಅಂತ ಕೋಡ್ ತೋರಿಸ್ತು. ಗ್ಯಾರೇಜಲ್ಲಿ ಸೆನ್ಸರೇ ಬದಲಾಯಿಸ್ಬೇಕು ಅಂದ್ರು, ನಂಗ್ಯಾಕೋ ಡೌಟು. ಸ್ಟೀರಿಂಗ್ ಪೂರ್ತಿ ತಿರುಗಿಸಿ ಟಾರ್ಚ್ ಬಿಟ್ಟು ನೋಡಿದ್ರೆ ಸೆನ್ಸರಿಗೆ ಹೋಗೋ ಎರಡು ವೈರಲ್ಲಿ ಒಂದು ತುಂಡು, ಇನ್ನೊಂದು ಸಿಪ್ಪೆ ಸುಲಿದು ತಾಮ್ರ ಹಸಿರುಗಟ್ಟಿದೆ, ಪಕ್ಕದಲ್ಲೇ ಇಲಿ ಹಿಕ್ಕೆ!

ಬ್ಯಾಟರಿ ನೆಗೆಟಿವ್ ಬಿಚ್ಚಿ, ಹೊಳೆಯೋ ತಾಮ್ರ ಸಿಗೋವರೆಗೂ ಕತ್ತರಿಸಿ, ಅದೇ ದಪ್ಪದ ವೈರ್ ತುಂಡು ಸೇರಿಸಿದೆ. ಸೋಲ್ಡರ್ ಮಾಡ್ಲಿಲ್ಲ, ಚಕ್ರದ ಹತ್ರ ವೈರ್ ಅಲ್ಲಾಡ್ತಾನೇ ಇರುತ್ತಲ್ಲ, ಸೋಲ್ಡರ್ ಮುಗಿಯೋ ಅಂಚಲ್ಲೇ ಮುರಿಯುತ್ತೆ, ಅದಕ್ಕೆ ಕ್ರಿಂಪ್ (ವೈರ್ ತುದಿಗಳನ್ನ ಒತ್ತಿ ಹಿಡಿಯೋ ಲೋಹದ ಕೊಳವೆ) ಹಾಕಿ, ಅದರ ಮೇಲೆ ಒಳಗಡೆ ಗಮ್ ಇರೋ ಹೀಟ್ ಶ್ರಿಂಕ್ (ಬಿಸಿ ಮಾಡಿದ್ರೆ ಕುಗ್ಗಿ ಬಿಗಿಯಾಗೋ ಟ್ಯೂಬ್) ಹಾಕ್ದೆ, ನೀರು ಒಳಗೆ ಹೋಗಲ್ಲ. ಎರಡು ಜಾಯಿಂಟೂ ಅಕ್ಕಪಕ್ಕ ಬರದಂಗೆ ಒಂದಿಂಚು ಹಿಂದೆಮುಂದೆ. ಟ್ಯೂಬ್ ಮೊದ್ಲೇ ವೈರಿಗೆ ತೂರಿಸೋದು ಮರೆತು ಒಂದು ಕ್ರಿಂಪ್ ದಂಡ ಆಯ್ತು ಬಿಡಿ. ಆಮೇಲೆ ಮೊದ್ಲಿದ್ದಂಗೇ ಎರಡೂ ವೈರನ್ನ ಹುರಿ ಥರ ತಿರುಚಿ ಟೇಪ್ ಸುತ್ತಿದೆ, ಇಲ್ದಿದ್ರೆ ಸಿಗ್ನಲಲ್ಲಿ ಗಲಾಟೆ ಸೇರ್ಕೊಳ್ಳುತ್ತೆ.

ಮಲ್ಟಿಮೀಟರ್ ಇಟ್ಟು ನೋಡಿದ್ರೆ ಬೀಪ್ ಅಂತು, ಅಂದ್ರೆ ವೈರ್ ಸರಿಯಾಗಿ ಕೂಡಿದೆ. ಕೋಡ್ ಅಳಿಸಿ ಒಂದು ರೌಂಡ್ ಹೊಡೆದೆ, ಲೈಟ್ ಆರ್ತು. ಇಲಿ ಮಾತ್ರ ಇನ್ನೂ ಸಿಕ್ಕಿಲ್ಲ.