ನಾಲ್ಕು ಗಂಟೆಯ ಹಣ್ಣಿನ ಬಟ್ಟಲು

ಗಂಗಾವತಿಯಲ್ಲಿ ನನ್ನದೊಂದು ಟೇಲರಿಂಗ್ ಅಂಗಡಿ ಇದೆ. ಬೆಳಿಗ್ಗೆ ಹತ್ತಕ್ಕೆ ಮಷಿನ್ ಮುಂದೆ ಕೂತರೆ ಏಳುವುದು ರಾತ್ರಿ ಎಂಟಕ್ಕೆ. ಒಂದೂವರೆ ವರ್ಷದ ಹಿಂದೆ, ದೀಪಾವಳಿ ಹೊಲಿಗೆಯ ಗದ್ದಲ ಮುಗಿದ ಮೇಲೆ, ಸುಮ್ನೆ ಒಂದು ಸಲ ರಕ್ತ ಪರೀಕ್ಷೆ ಮಾಡಿಸಿದೆ. ಖಾಲಿ ಹೊಟ್ಟೆಯ ಶುಗರ್ 118 ಬಂತು. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.2 ಇತ್ತು. "ಶುಗರ್ ಇನ್ನೂ ಒಳಗ ಬಂದಿಲ್ಲಮ್ಮ, ಬಾಗಿಲಿಗೆ ಬಂದು ನಿಂತೈತಿ" ಅಂದರು ಡಾಕ್ಟರು. 5.7ರಿಂದ 6.4ರವರೆಗೆ ಬಾಗಿಲು, 6.5 ಆದರೆ ಒಳಗೆ ಬಂದ ಹಾಗೆ. ನನ್ನ ಅವ್ವನಿಗೂ ಶುಗರ್ ಇತ್ತು. ಕಾಲಿನ ಗಾಯ ಮಾಯದೆ ಅವಳು ಪಟ್ಟ ಪಾಡು ಕಣ್ಣಾರೆ ಕಂಡಿದ್ದೇನೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಅದೇ ಹೆದರಿಕೆಯಲ್ಲಿ, ಮೊಬೈಲಿನಲ್ಲಿ ಕಂಡ ಜಾಹೀರಾತು ನೋಡಿ ಬೆರ್ರಿ ಜ್ಯೂಸಿನ ಬಾಟಲಿ ತರಿಸಿದೆ. ಆಂಟಿಆಕ್ಸಿಡೆಂಟ್ ತುಂಬಿದೆ, ಶುಗರ್‌ಗೆ ಒಳ್ಳೆಯದು ಅಂತ ಹೇಳಿದ್ದರು. ಹದಿನೈದು ದಿನ ಕುಡಿದೆ. ಆಮೇಲೆ ಮಗಳು ಬಾಟಲಿಯ ಹಿಂದಿನ ಚೀಟಿ ಓದಿದಳು. "ಅವ್ವ, ಇದರಾಗ ಮೊದಲನೇ ಹೆಸರೇ ಸಕ್ಕರಿ ಐತಿ." ಯಾವ ಪದಾರ್ಥ ಜಾಸ್ತಿ ಇದೆಯೋ ಅದನ್ನೇ ಮೊದಲು ಬರೆಯಬೇಕು ಅನ್ನುವುದು ನಿಯಮವಂತೆ. ಹಣ್ಣಿನ ಹೆಸರು ಐದನೆಯದಾಗಿತ್ತು. ತುಂಬಾ ಸಿಟ್ಟು ಬಂತು. ಉಳಿದದ್ದನ್ನು ಬಚ್ಚಲಿಗೆ ಸುರಿದೆ.

ಮಗಳು ಬಿ.ಎಸ್ಸಿ ಓದುತ್ತಾಳೆ. ಅವಳನ್ನೇ ಕೂರಿಸಿಕೊಂಡು ಕೇಳಿದೆ, ಈ ಆಂಟಿಆಕ್ಸಿಡೆಂಟ್ ಅಂದರೆ ಏನು ಅಂತ. ಅವಳು ಹೇಳಿದ್ದು ನನಗೆ ನನ್ನ ಕತ್ತರಿಯಿಂದ ಅರ್ಥವಾಯಿತು. ಮಳೆಗಾಲದಲ್ಲಿ ಗಾಳಿ, ತೇವ ತಾಗಿ ಕತ್ತರಿ ತುಕ್ಕು ಹಿಡಿಯುತ್ತದೆ. ನಮ್ಮ ಮೈಯೊಳಗೂ ಉಸಿರಾಟ, ಊಟ, ಹೊಗೆ, ಬಿಸಿಲು ಇವುಗಳಿಂದ ಕೆಲವು ಚುರುಕು ಕಣಗಳು ಹುಟ್ಟಿ ಜೀವಕೋಶಗಳನ್ನು ಕೆಡಿಸುತ್ತವೆ. ಅವನ್ನು ತಣ್ಣಗೆ ಮಾಡುವ ಪದಾರ್ಥಗಳೇ ಆಂಟಿಆಕ್ಸಿಡೆಂಟ್. ಸಿ ಜೀವಸತ್ವ ಅಂಥದ್ದೊಂದು. ನೇರಳೆಗೆ ಕಪ್ಪು ಬಣ್ಣ ಕೊಡುವ ಆಂಥೋಸಯನಿನ್ ಇನ್ನೊಂದು. ಕತ್ತರಿಗೆ ಎಣ್ಣೆ ಸವರಿದರೆ ತುಕ್ಕು ತಡೆಯಬಹುದು, ಸವೆದ ಅಲಗು ಹೊಸದಾಗುವುದಿಲ್ಲ. ಹಣ್ಣಿನಿಂದ ಎಷ್ಟು ಆಸೆ ಪಡಬೇಕು ಅನ್ನುವುದಕ್ಕೆ ನಾನು ಇಟ್ಟುಕೊಂಡ ಅಳತೆ ಇಷ್ಟೇ.

ಅವಳು ಇನ್ನೊಂದು ವಿಷಯ ಓದಿ ಹೇಳಿದಳು. 2013ರಲ್ಲಿ ಅಮೆರಿಕದಲ್ಲಿ ಎರಡು ದೊಡ್ಡ ಅಧ್ಯಯನ ಬಂದವು. ಒಂದರಲ್ಲಿ 93,600 ದಾದಿಯರನ್ನು 18 ವರ್ಷ ಗಮನಿಸಿದ್ದರು. ಆಂಥೋಸಯನಿನ್ ಇರುವ ಹಣ್ಣು ಜಾಸ್ತಿ ತಿನ್ನುತ್ತಿದ್ದವರಲ್ಲಿ ಹೃದಯಾಘಾತ 32 ಶೇಕಡಾ ಕಡಿಮೆ ಕಂಡಿತು. ಇನ್ನೊಂದರಲ್ಲಿ ಹಣ್ಣನ್ನು ಇಡಿಯಾಗಿ, ಅದರಲ್ಲೂ ಬ್ಲೂಬೆರ್ರಿ, ದ್ರಾಕ್ಷಿ, ಸೇಬು ತಿನ್ನುವವರಲ್ಲಿ ಸಕ್ಕರೆ ಕಾಯಿಲೆ ಕಡಿಮೆ ಇತ್ತು. ಜ್ಯೂಸ್ ಕುಡಿಯುವವರಲ್ಲಿ ಜಾಸ್ತಿ ಇತ್ತು! ಇವು ಜನರ ಊಟ ಗಮನಿಸಿ ಬರೆದ ಲೆಕ್ಕ. ಹಣ್ಣಿನಿಂದಲೇ ಹೀಗಾಯಿತು ಅಂತ ಖಾತ್ರಿ ಹೇಳಲಾಗದು. ಆದರೂ ಇಡೀ ಹಣ್ಣು ಒಂದು ದಾರಿ, ಜ್ಯೂಸ್ ಇನ್ನೊಂದು ದಾರಿ ಅನ್ನುವುದು ನನ್ನ ತಲೆಯಲ್ಲಿ ಕೂತಿತು.

ಬ್ಲೂಬೆರ್ರಿ ನಮ್ಮ ಕೈಗೆ ಸಿಗುವ ಬೆಲೆಗೆ ಬರುವುದಿಲ್ಲ. ಉತ್ತರ ಸಿಕ್ಕಿದ್ದು ಆನೆಗೊಂದಿ ಹತ್ತಿರ, ಪಂಪಾ ಸರೋವರಕ್ಕೆ ಹೋದಾಗ. ಶಬರಿ ರಾಮನಿಗೆ ಬಾರಿಹಣ್ಣು ಕೊಟ್ಟ ಜಾಗ ಅಂತ ನಾವೆಲ್ಲ ನಂಬುವ ಊರು ಅದು. ಅಲ್ಲಿ ದಾರಿ ಬದಿಯಲ್ಲಿ ಒಬ್ಬ ಅಜ್ಜಿ ಬುಟ್ಟಿಯಲ್ಲಿ ಬಾರಿಹಣ್ಣು, ನೆಲ್ಲಿಕಾಯಿ ಇಟ್ಟುಕೊಂಡು ಕೂತಿದ್ದಳು. "ತಗೋ ತಂಗಿ, ಗುಡ್ಡದ್ದು, ಔಷಧ ಹೊಡೆದಿದ್ದಲ್ಲ" ಅಂದಳು. ಚಿಕ್ಕವಳಿದ್ದಾಗ ಲಂಗದ ತುಂಬ ತುಂಬಿಕೊಂಡು ತಿಂದ ಹಣ್ಣು. ಯಾವಾಗ ಬಿಟ್ಟೆನೋ ನೆನಪಿಲ್ಲ. ಅಲ್ಲೇ ಎರಡು ಗ್ಲಾಸು ಅಳತೆ ಕೊಂಡೆ.

ನನ್ನ ಪದ್ಧತಿ ಹೀಗೆ ಶುರುವಾಯಿತು. ಮೊದಲೆಲ್ಲ ನಾಲ್ಕು ಗಂಟೆಗೆ ಚಹಾ, ಜೊತೆಗೆ ಐದಾರು ಬಿಸ್ಕತ್ತು, ಇಲ್ಲವೆ ಮಿರ್ಚಿ ಭಜಿ. ಆ ಜಾಗಕ್ಕೆ ಒಂದು ಸಣ್ಣ ಬಟ್ಟಲು ಹಣ್ಣು ಬಂತು. ಚಹಾ ಇದೆ, ಸಕ್ಕರೆ ಇಲ್ಲ. ಇದನ್ನು ಒತ್ತಿ ಹೇಳುತ್ತೇನೆ: ತಿನ್ನುವುದರ ಮೇಲೆ ಹಣ್ಣನ್ನು ಸೇರಿಸಲಿಲ್ಲ, ಬಿಸ್ಕತ್ತನ್ನು ತೆಗೆದು ಅಲ್ಲಿ ಹಣ್ಣು ಇಟ್ಟೆ. ಹಣ್ಣಿನಲ್ಲೂ ಸಕ್ಕರೆ ಇದೆ ಅಲ್ವಾ? ಅದಕ್ಕೇ ಬಟ್ಟಲು ಒಂದೇ, ಎರಡನೆಯದಿಲ್ಲ.

ನವೆಂಬರಿನಿಂದ ನೆಲ್ಲಿ. ಕಿತ್ತಳೆಗಿಂತ ಎಷ್ಟೋ ಪಟ್ಟು ಸಿ ಜೀವಸತ್ವ ಬೆಟ್ಟದ ನೆಲ್ಲಿಯಲ್ಲಿದೆ. ಅದು ಕಾಯಿಸಿದರೆ ಕಡಿಮೆಯಾಗುತ್ತದೆ. ಅದಕ್ಕೆ ಹಸಿಯದನ್ನೇ ತುರಿದು, ನೆನೆಸಿದ ಹೆಸರುಬೇಳೆ, ಉಪ್ಪು, ಹಸಿಮೆಣಸಿನಕಾಯಿ ಹಾಕಿ ಕೋಸಂಬರಿ ಮಾಡುತ್ತೇನೆ. ಒಗ್ಗರಣೆ ಆರಿದ ಮೇಲೆ ಸೇರಿಸುತ್ತೇನೆ. ಉಳಿದ ದಿನ ರೊಟ್ಟಿಗೆ ನೆಲ್ಲಿಕಾಯಿ ಚಟ್ನಿ. ಬೇಸಿಗೆಗೆ ಅಂತ ಹೋಳು ಮಾಡಿ, ಉಪ್ಪು ಸವರಿ, ಮಾಳಿಗೆ ಮೇಲೆ ತೆಳು ಬಟ್ಟೆ ಮುಚ್ಚಿ ಒಣಗಿಸಿದೆ. ಸಕ್ಕರೆ ಪಾಕದ ನೆಲ್ಲಿ ಕ್ಯಾಂಡಿ ಮಾತ್ರ ಮನೆಗೆ ತರುವುದಿಲ್ಲ. ಅದರಲ್ಲಿ ಹಣ್ಣಿಗಿಂತ ಪಾಕದ ರುಚಿಯೇ ಮುಂದೆ.

ಡಿಸೆಂಬರಿನಿಂದ ಬಾರಿಹಣ್ಣು. ಸಂಕ್ರಾಂತಿ, ಕೊಪ್ಪಳದ ಗವಿಮಠದ ಜಾತ್ರೆ ಎಲ್ಲ ಆ ಕಾಲಕ್ಕೇ. ಈಗ ಆಪಲ್ ಬಾರಿ ಅಂತ ದಪ್ಪನೆಯದು ಬಂದಿದೆ. ತಿನ್ನಲು ಚೆನ್ನ, ಆದರೆ ನನಗೆ ಗುಡ್ಡದ ಸಣ್ಣ ಹುಳಿ ಬಾರಿಯೇ ಇಷ್ಟ. ಒಂದೊಂದನ್ನೂ ಬಿಡಿಸಿ ನೋಡಿ ತಿನ್ನಬೇಕು, ಹುಳ ಇರುತ್ತವೆ. ಹಾಗಾಗಿ ನಿಧಾನವಾಗಿ ತಿನ್ನುತ್ತೇವೆ, ಅದೂ ಒಳ್ಳೆಯದೇ.

ಬೇಸಿಗೆಗೆ ಹಿತ್ತಲಿನ ಹಿಪ್ಪುನೇರಳೆ. ರೇಷ್ಮೆ ಸಾಕುವ ನೆಂಟರ ಹೊಲದಿಂದ ನಾಲ್ಕು ಕಡ್ಡಿ ತಂದು ನೆಟ್ಟಿದ್ದೆ. ಮೂರು ಚಿಗುರಿದವು. ಇದರ ಗುಟ್ಟು ಕತ್ತರಿಸುವುದರಲ್ಲಿದೆ. ಕೊಂಬೆ ಸವರಿದರೆ ಹೊಸ ಚಿಗುರು ಬರುತ್ತದೆ, ಚಿಗುರಿನ ಜೊತೆಗೇ ಕಾಯಿ. ಕೆಂಪಿದ್ದಾಗ ಹುಳಿ, ಕಪ್ಪಾದರೆ ಸಿಹಿ. ಬಣ್ಣ ಗಾಢವಾದಷ್ಟೂ ಆಂಥೋಸಯನಿನ್ ಜಾಸ್ತಿ, ಅದಕ್ಕೆ ಕಪ್ಪಾಗುವವರೆಗೆ ಕಾಯಬೇಕು. ಹಕ್ಕಿಗಳೂ ಕಾಯುತ್ತಿರುತ್ತವೆ. ಹಳೆಯ ನೆಟ್ ಬಟ್ಟೆಯ ತುಂಡು ಹೊಲಿದು ಗಿಡಕ್ಕೆ ಹೊದಿಸಿದ್ದೇನೆ.

ಕಾರಹುಣ್ಣಿಮೆ ಹೊತ್ತಿಗೆ ಕವಳಿಹಣ್ಣು (ಕರಂಡೆ) ಮತ್ತು ನೇರಳೆ. ಕವಳಿ ತುಂಬಾ ದಿನ ಸಿಗುವುದಿಲ್ಲ. ನೇರಳೆ ಮಾತ್ರ ತಿಂಗಳಿಡೀ ಗಾಡಿ ಮೇಲೆ ಬರುತ್ತದೆ. ಉಪ್ಪುನೀರಿನಲ್ಲಿ ತೊಳೆದು, ನೀರು ಆರಿಸಿ, ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿ ಫ್ರೀಜರಿನಲ್ಲಿ ಇಡುತ್ತೇನೆ. ಗಟ್ಟಿಯಾದ ಮೇಲೆ ಡಬ್ಬಿಗೆ. ಹೀಗೆ ಮಾಡಿದರೆ ಒಂದಕ್ಕೊಂದು ಅಂಟುವುದಿಲ್ಲ, ಬೇಕಾದಷ್ಟು ತೆಗೆಯಬಹುದು. ಕಳೆದ ವರ್ಷ ಇಟ್ಟದ್ದು ದಸರೆಯವರೆಗೆ ಬಂತು.

ಶುಗರ್ ಇಳಿಸುತ್ತದೆ ಅಂತ ಜನ ಹೇಳುವ ನೇರಳೆ ಬೀಜದ ಪುಡಿ ಬಗ್ಗೆ ಎಲ್ಲರೂ ಕೇಳುತ್ತಾರೆ. ನಮ್ಮ ಅತ್ತೆಯವರಿಗೆ 72 ವರ್ಷ, ಶುಗರ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಯಾರೋ ಹೇಳಿದರು ಅಂತ ಅದರ ಜೊತೆಗೆ ಪುಡಿಯನ್ನೂ ಶುರು ಮಾಡಿದರು. ಒಂದು ಏಕಾದಶಿ ಉಪವಾಸದ ದಿನ ಬೆವರಿ, ಕೈ ನಡುಗಿ ಕುಸಿದು ಕೂತರು. ಮನೆಯ ಮಷಿನಿನಲ್ಲಿ ನೋಡಿದರೆ 62. ತಕ್ಷಣ ಸಕ್ಕರೆ ನೀರು ಕುಡಿಸಿದೆವು, ಸುಧಾರಿಸಿದರು. ಪುಡಿಯಿಂದಲೋ, ಉಪವಾಸದಿಂದಲೋ, ಎರಡೂ ಸೇರಿಯೋ. ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಇಂಥದ್ದು ಮಾಡಬೇಡಿ. ಮಾತ್ರೆ ಬಿಟ್ಟು ಹಣ್ಣು ಹಿಡಿಯುವುದಂತೂ ಬೇಡವೇ ಬೇಡ.

ನಮ್ಮ ಅಣ್ಣನ ಜೊತೆ ಇನ್ನೊಂದು ಜಗಳ. ಅವನು ಬೀಡಿ ಸೇದುತ್ತಾನೆ. ಆಂಟಿಆಕ್ಸಿಡೆಂಟ್ ಗುಳಿಗೆ ನುಂಗಿದರೆ ಹೊಗೆಯ ಕೆಡುಕು ಹೋಗುತ್ತದೆ ಅಂತ ತಂದಿಟ್ಟುಕೊಂಡಿದ್ದ. ಫಿನ್ಲೆಂಡಿನಲ್ಲಿ 29,000ಕ್ಕೂ ಹೆಚ್ಚು ಸೇದುವ ಗಂಡಸರ ಮೇಲೆ ನಡೆದ ಪರೀಕ್ಷೆಯ ಫಲ 1994ರಲ್ಲಿ ಬಂತು. ಬೀಟಾ ಕ್ಯಾರೋಟಿನ್ ಅನ್ನುವ ಆಂಟಿಆಕ್ಸಿಡೆಂಟ್ ಗುಳಿಗೆ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಜಾಸ್ತಿಯಾಗಿತ್ತು. ಮಗಳು ಅದನ್ನು ಅವನಿಗೆ ಓದಿ ಹೇಳಿದಳು. ಗುಳಿಗೆ ಬಿಟ್ಟಿದ್ದಾನೆ. ಬೀಡಿ ಇನ್ನೂ ಬಿಟ್ಟಿಲ್ಲ, ನಾನೂ ಹೇಳುವುದು ಬಿಟ್ಟಿಲ್ಲ.

ಆರು ತಿಂಗಳಿಗೆ ನನ್ನ ಎಚ್‌ಬಿಎ1ಸಿ 5.9ಕ್ಕೆ ಬಂತು, ವರ್ಷಕ್ಕೆ 5.7. ಬಾಗಿಲಿನಿಂದ ಪೂರ್ತಿ ಹೋಗಿಲ್ಲ, ಆದರೆ ಹೊಸ್ತಿಲು ಬಿಟ್ಟು ಅಂಗಳಕ್ಕೆ ಇಳಿದಿದೆ. ಇದೆಲ್ಲ ಹಣ್ಣಿನ ಪವಾಡ ಅಂತ ನಾನು ಹೇಳುವುದಿಲ್ಲ. ನಮ್ಮದು ಭತ್ತದ ಊರು. ಕಾಲುವೆ ನೀರು ಬಂದ ಮೇಲೆ ಮೂರು ಹೊತ್ತೂ ಅನ್ನ ರೂಢಿಯಾಗಿದೆ. ರಾತ್ರಿಯ ಅನ್ನ ಬಿಟ್ಟು ಅಜ್ಜಿ ಕಾಲದ ಜೋಳದ ರೊಟ್ಟಿಗೆ ಬಂದೆ. ಬೆಳಿಗ್ಗೆ 40 ನಿಮಿಷ ನಡೆಯುತ್ತೇನೆ. ನಾಲ್ಕು ಕಿಲೋ ತೂಕ ಇಳಿದಿದೆ. ಹಣ್ಣಿನ ಪಾಲು ಎಷ್ಟು ಅಂತ ಬೇರೆ ಮಾಡಿ ತೋರಿಸಲು ಆಗದು. ಆದರೆ ಆ ಬಟ್ಟಲು ಇಲ್ಲದಿದ್ದರೆ ನಾಲ್ಕು ಗಂಟೆಗೆ ನಾನು ಮತ್ತೆ ಬಿಸ್ಕತ್ತಿಗೇ ಹೋಗುತ್ತಿದ್ದೆ, ಅದು ಖಂಡಿತ.

ಅಂಗಡಿಯಲ್ಲಿ ಹೊಲಿಗೆ ಕಲಿಯಲು ಬರುವ ಮೂವರು ಹುಡುಗಿಯರೂ ಈಗ ಬಟ್ಟಲು ತರುತ್ತಾರೆ. ನೇರಳೆ ದಿನಗಳಲ್ಲಿ ಕಟ್ಟೆ ಮೇಲೆ ಹೊರಗೆ ಕೂತೇ ತಿನ್ನಬೇಕು, ಕೈ ತೊಳೆದೇ ಬಟ್ಟೆ ಮುಟ್ಟಬೇಕು. ಕಳೆದ ಜೂನಿನಲ್ಲಿ ಒಬ್ಬರ ಬಿಳಿ ಬ್ಲೌಸಿನ ತೋಳಿಗೆ ಕಲೆಯಾಗಿತ್ತು. ಹುಡುಗಿ ಗಾಬರಿಯಲ್ಲಿ ಸೋಪು ಹಚ್ಚಿದಳು, ಕಲೆ ನೀಲಿಗೆ ತಿರುಗಿತು. ನಿಂಬೆಹಣ್ಣು ಹಿಂಡಿದೆ, ಕೆಂಪಾಯಿತು. ಆಂಥೋಸಯನಿನ್ ಗುಣವೇ ಅದು, ಹುಳಿಗೆ ಕೆಂಪು, ಸೋಪಿಗೆ ನೀಲಿ. ಮತ್ತೆ ಮತ್ತೆ ನಿಂಬೆ ಹಿಂಡಿ, ತಣ್ಣೀರಿನಲ್ಲಿ ಜಾಲಾಡಿ, ಮೂರನೇ ಸಲಕ್ಕೆ ಬಿಡಿಸಿದೆವು. ಈ ಜೂನಿಗೆ ಕಟ್ಟೆ ಮೇಲೆ ಒಂದು ನೀರಿನ ಕೊಡ, ಎರಡು ನಿಂಬೆಹಣ್ಣು ಮೊದಲೇ ಇಟ್ಟಿದ್ದೇನೆ.