ಆಶ್ಲೇಷಾ ಮಳೆಯಲ್ಲೂ ಮಂಜುಗಟ್ಟದ ಗಾಜು: ಮೂಡಿಗೆರೆಯಲ್ಲಿ ಹಳೆಯ ಸ್ವಿಸ್ ವಾಚುಗಳನ್ನು ಉಳಿಸಿಕೊಂಡ ನನ್ನ ಅನುಭವ

ಕಳೆದ ನಾಲ್ಕು ಮಳೆಗಾಲಗಳಲ್ಲಿ ನನ್ನ ಹದಿನಾಲ್ಕು ವಾಚುಗಳ ಪೈಕಿ ಒಂದರ ಗಾಜಿನೊಳಗೂ ಮಂಜು ಕಟ್ಟಿಲ್ಲ, ಒಂದರ ಡಯಲ್ ಮೇಲೂ ಹೊಸ ಚುಕ್ಕೆ ಬಿದ್ದಿಲ್ಲ. ಮೂಡಿಗೆರೆ ತಾಲ್ಲೂಕಿನ ತೋಟದ ಮನೆಯೊಂದರಲ್ಲಿ ಇದು ಆಗದ ಕೆಲಸವೆಂದು ಹೇಳಿದವರೇ ಹೆಚ್ಚು. ಹಾಸನದಲ್ಲಿ ನನ್ನ ವಾಚುಗಳನ್ನು ಬಿಚ್ಚುವ ಹಿರಿಯ ರಿಪೇರಿಯವರು 2017ರಲ್ಲಿ, ‘ಗೌಡ್ರೇ, ಮಲೆನಾಡಲ್ಲಿ ಕೂತು ಇಂಥ ವಾಚು ಇಟ್ಕೊಳ್ಳೋದು ಅಂದ್ರೆ ತುಕ್ಕು ಸಾಕಿದ ಹಾಗೆ’ ಎಂದಿದ್ದರು. ಬೆಂಗಳೂರಿನ ಸಂಗ್ರಾಹಕ ಮಿತ್ರರಂತೂ ಎಲ್ಲವನ್ನೂ ತಮ್ಮ ಮನೆಯಲ್ಲಿ ಇಡಲು ಹೇಳಿದರು. ಆದರೆ ಕಣ್ಣೆದುರಿಗೆ ಇಲ್ಲದ ವಾಚನ್ನು ಸಂಗ್ರಹ ಎಂದು ಕರೆಯಲು ನನ್ನ ಮನಸ್ಸು ಒಪ್ಪಲಿಲ್ಲ.

ಮೊದಲ ನಷ್ಟಕ್ಕೂ ಮಳೆಗೂ ಸಂಬಂಧವಿಲ್ಲ; ಅದು ಆತುರದಿಂದ ಆದದ್ದು. ಕಾಫಿಗೆ ಒಳ್ಳೆಯ ಬೆಲೆ ಬಂದ ವರ್ಷ ಸುಮಾರು 1 ಲಕ್ಷ 10 ಸಾವಿರ ಕೊಟ್ಟು ಒಮೆಗಾ ಕಾನ್‌ಸ್ಟಲೇಷನ್ ಒಂದನ್ನು ಕೊಂಡೆ. ಒಳಗೆ 561 ಎಂಬ ಮೂವ್‌ಮೆಂಟ್ (ವಾಚನ್ನು ನಡೆಸುವ ಯಂತ್ರ), ಹಿಂಬದಿಯಲ್ಲಿ ಎಂಟು ನಕ್ಷತ್ರಗಳ ಕೆಳಗಿನ ವೀಕ್ಷಣಾಲಯದ ಮುದ್ರೆ, ಎಲ್ಲವೂ ಅಸಲಿ. ಡಯಲ್‌ಗೆ ಮಾತ್ರ ಯಾರೋ ಹೊಸದಾಗಿ ಬಣ್ಣ ಹೊಡೆಸಿದ್ದರು. ಅಕ್ಷರಗಳು ದಪ್ಪವಾಗಿದ್ದವು, ನಿಮಿಷದ ಗೆರೆಗಳು ಅಂಚಿನ ಹತ್ತಿರ ಸರಿಯಾಗಿ ನಿಂತಿರಲಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರುವ ಮಸೂರವನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿದ್ದ ನಾನು ಅದನ್ನು ಹೊರಗೆ ತೆಗೆಯಲಿಲ್ಲ. ಮಾರುವಾಗ ಐವತ್ತು ಸಾವಿರಕ್ಕಿಂತ ಹೆಚ್ಚು ಬರಲಿಲ್ಲ. ಅಂದಿನಿಂದ ಡಯಲ್ ನೋಡಿ ಮುಗಿಸುವವರೆಗೆ ನಾನು ಬೆಲೆಯ ಮಾತು ಎತ್ತುವುದಿಲ್ಲ. ಎರಡನೆಯ ಕಾನ್‌ಸ್ಟಲೇಷನ್ ಹೀಗೆ ಸಿಕ್ಕಿತು. ಆಮೇಲೆ ರೋಲೆಕ್ಸ್ ಡೇಟ್‌ಜಸ್ಟ್ 1601, ಒಂದೆರಡು ಲಾಂಜೀನ್, ಫಾವ್ರ್ ಲೂಬಾ ಸೀ ಚೀಫ್, ವೆಸ್ಟ್ ಎಂಡ್ ಬಂದವು. ಅಪ್ಪನ ಎಚ್‌ಎಂಟಿ ಜನತಾ ಮೊದಲಿನಿಂದಲೂ ಮನೆಯಲ್ಲಿತ್ತು. ಬೆಲೆಯಲ್ಲಿ ಅದು ಉಳಿದವುಗಳ ಸಾಲಿಗೆ ಬಾರದಿದ್ದರೂ ಪೆಟ್ಟಿಗೆಯಲ್ಲಿ ಅದಕ್ಕೇ ಮೊದಲ ಜಾಗ.

2018ರ ಮಳೆಗಾಲಕ್ಕೆ ಎಲ್ಲವನ್ನೂ ಪಟ್ಟಣದ ಬ್ಯಾಂಕೊಂದರ ಲಾಕರಿನಲ್ಲಿಟ್ಟೆ. ಆ ವರ್ಷ ಸುರಿದ ಮಳೆ ಮಲೆನಾಡಿನವರಿಗೆ ನೆನಪಿರುತ್ತದೆ. ಅಕ್ಟೋಬರಿನಲ್ಲಿ ತೆರೆದಾಗ ಚರ್ಮದ ಪಟ್ಟಿಗಳ ಮೇಲೆಲ್ಲ ಹಸಿರು ಬೂಷ್ಟು ಬಂದಿತ್ತು, ಒಂದು ಲಾಂಜೀನ್‌ನ ಬೆಳ್ಳಿ ಬಣ್ಣದ ಡಯಲ್ ಮೇಲೆ ಆರು ಗಂಟೆಯ ಹತ್ತಿರ ಕಂದು ಚುಕ್ಕೆಗಳು ಎದ್ದಿದ್ದವು. ಹೊಸ ಬಣ್ಣ ಹೊಡೆಸಿ ಎಂದು ಕೆಲವರು ಹೇಳಿದರೂ ನಾನು ಒಪ್ಪಲಿಲ್ಲ; ಆ ಚುಕ್ಕೆಗಳು ಇಂದಿಗೂ ಇವೆ.

ಮರುವರ್ಷ ಕ್ಯಾಮೆರಾದವರು ಬಳಸುವ, ವಿದ್ಯುತ್ತಿನಿಂದ ತೇವ ಎಳೆಯುವ ಬೀರುವನ್ನು ಹನ್ನೆರಡು ಹದಿಮೂರು ಸಾವಿರಕ್ಕೆ ತರಿಸಿದೆ. ಜೂನ್, ಜುಲೈ ಎರಡೂ ತಿಂಗಳು ಅದು ಚೆನ್ನಾಗಿಯೇ ನಡೆಯಿತು. 2019ರ ಆಗಸ್ಟಿನಲ್ಲಿ ನಮ್ಮ ತಾಲ್ಲೂಕಿನಲ್ಲಿ ಗುಡ್ಡಗಳು ಕುಸಿದ ಸಮಯದಲ್ಲಿ ಮರಗಳು ತಂತಿಯ ಮೇಲೆ ಬಿದ್ದು ಒಂಬತ್ತು ಹತ್ತು ದಿನ ಕರೆಂಟ್ ಇರಲಿಲ್ಲ. ಬೀರುವಿನ ಬಾಗಿಲ ರಬ್ಬರು ಅಷ್ಟು ಬಿಗಿಯಾಗಿರಲಿಲ್ಲವಾದ್ದರಿಂದ ಮೂರನೆಯ ದಿನಕ್ಕೇ ಒಳಗಿನ ತೇವಾಂಶ ಶೇ 80 ದಾಟಿತು. ಮಳೆಗಾಲದಲ್ಲಿ ವಿದ್ಯುತ್ತನ್ನು ನಂಬುವ ಯಾವ ಉಪಾಯವೂ ತೋಟದ ಮನೆಗೆ ಒಗ್ಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ವಾಚನ್ನು ತಿರುಗಿಸುತ್ತಲೇ ಇರುವ ವೈಂಡರ್ ಪೆಟ್ಟಿಗೆಯನ್ನೂ ಇದೇ ಕಾರಣಕ್ಕೆ ಕೊಳ್ಳಲಿಲ್ಲ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಅಕ್ಕಿಯ ಡಬ್ಬಿಯಲ್ಲಿ ಹಳೆಯ ಜನತಾ ಒಂದನ್ನು ಹದಿನೈದು ದಿನ ಇಟ್ಟೆ. ಅಕ್ಕಿಯಲ್ಲೇ ಶೇ 12–13ರಷ್ಟು ತೇವವಿರುವುದರಿಂದ ವಾಚು ಒಣಗಲಿಲ್ಲ, ಬದಲಿಗೆ ಅಕ್ಕಿಯ ಹಿಟ್ಟು ಕ್ರೌನಿನ (ಕೀಲಿ ಕೊಡುವ ಗುಂಡಿಯ) ಸಂದಿಗೆ ಸೇರಿತು. ಮರದ ಕಪಾಟಿನಲ್ಲಿ 40 ವಾಟಿನ ಬಲ್ಬು ಉರಿಸಿದ್ದರಿಂದ ಬೂಷ್ಟು ನಿಂತಿತಾದರೂ ಬಿಸಿಗೆ ಮೂವ್‌ಮೆಂಟಿನ ಎಣ್ಣೆ ಇರಬೇಕಾದ ಜಾಗ ಬಿಟ್ಟು ಹರಡಿತು. ತೇವ ಹೀರುವ ಸಿಲಿಕಾ ಜೆಲ್ಲನ್ನು ಮಿತಿಯಿಲ್ಲದೆ ತುಂಬಿದ ವರ್ಷ ಪೆಟ್ಟಿಗೆಯೊಳಗೆ ಶೇ 20ಕ್ಕಿಂತ ಕಡಿಮೆಯಾಗಿ, ಆರು ಸಾವಿರ ಕೊಟ್ಟು ತರಿಸಿದ್ದ ಮೊಸಳೆ ಚರ್ಮದ ಪಟ್ಟಿ ಬಿರುಕು ಬಿಟ್ಟಿತು.

ದಾರಿ ಹೊಳೆದದ್ದು ಕಣದಲ್ಲಿ. ಕಾಫಿಯನ್ನು ಎಷ್ಟೇ ಚೆನ್ನಾಗಿ ಒಣಗಿಸಿದ್ದರೂ ಮೋಡ ಕವಿದ ದಿನ ಮೂಟೆ ಕಟ್ಟಿದರೆ ಆ ದಿನದ ಹವೆಯೂ ಮೂಟೆಯೊಳಗೆ ಹೋಗುತ್ತದೆ ಎಂದು ನಾವೇ ಆಳುಗಳಿಗೆ ಹೇಳುತ್ತೇವೆ. ವಾಚಿನದ್ದೂ ಅದೇ ಕಥೆಯಲ್ಲವೇ ಎನಿಸಿತು. ನಾನು ಅಷ್ಟು ವರ್ಷ ಪೆಟ್ಟಿಗೆಯ ಗಾಳಿಯ ಬಗ್ಗೆಯೇ ತಲೆ ಕೆಡಿಸಿಕೊಂಡಿದ್ದೆನೇ ಹೊರತು, ಜುಲೈನಲ್ಲಿ ಸರ್ವಿಸ್ ಮಾಡಿಸಿ ಮುಚ್ಚಿಸಿದ ವಾಚಿನೊಳಗೆ ಜುಲೈನ ಗಾಳಿಯೇ ಸಿಕ್ಕಿಕೊಂಡಿರುತ್ತದೆ ಎಂಬುದನ್ನು ಯೋಚಿಸಿರಲಿಲ್ಲ. 26 ಡಿಗ್ರಿಯಲ್ಲಿ ಶೇ 45 ತೇವಾಂಶವಿರುವ ಗಾಳಿ ಸುಮಾರು 13 ಡಿಗ್ರಿಗೆ ಇಳಿಯುವವರೆಗೆ ನೀರು ಬಿಡುವುದಿಲ್ಲ. ನಮ್ಮ ಮಳೆಗಾಲದ ರಾತ್ರಿಗಳು ಅಷ್ಟು ತಣ್ಣಗಾಗುವುದಿಲ್ಲ. ಶೇ 90ರ ಗಾಳಿಯಾದರೆ ಒಂದೆರಡು ಡಿಗ್ರಿ ಇಳಿದರೆ ಸಾಕು, ಗಾಜು ಮಂಜಾಗುತ್ತದೆ.

ಆದ್ದರಿಂದ ಈಗ ಫೆಬ್ರವರಿ ಮತ್ತು ಮಾರ್ಚ್ ಬಿಟ್ಟು ಬೇರೆ ಯಾವ ತಿಂಗಳಲ್ಲೂ ನನ್ನ ವಾಚಿನ ಹಿಂಬದಿಯನ್ನು ತೆರೆಯಲು ಬಿಡುವುದಿಲ್ಲ. ತೇವ ಒಳಬರದಂತೆ ತಡೆಯುವ ಗ್ಯಾಸ್ಕೆಟ್ ಬದಲಾಗುವುದೂ ಆಗಲೇ. ಮೇ ತಿಂಗಳ ಕೊನೆಗೆ, ಮೃಗಶಿರಾ ಮಳೆ ಹಿಡಿಯುವ ಮೊದಲು, ಎಲ್ಲ ವಾಚುಗಳ ಕ್ರೌನ್ ಬಿಚ್ಚಿ ಹೊರಗೆಳೆದ ಸ್ಥಿತಿಯಲ್ಲಿ ಒಣ ಜೆಲ್ ಇರುವ ಚಿಕ್ಕ ಪೆಟ್ಟಿಗೆಯಲ್ಲಿ ಏಳೆಂಟು ದಿನ ಇಡುತ್ತೇನೆ. ಒಳಗಿನ ಗಾಳಿ ಕ್ರೌನಿನ ದಾರಿಯಲ್ಲೇ ನಿಧಾನವಾಗಿ ಒಣಗುತ್ತದೆ. ಆಮೇಲೆ ಅಲ್ಲೇ ಕ್ರೌನ್ ಒತ್ತಿ, ತಿರುಪಿನದ್ದಾದರೆ ಬಿಗಿದು, ಅಡುಗೆಮನೆಗೆ ಸಿಗುವ, ಸಿಲಿಕೋನ್ ರಿಂಗು ಮತ್ತು ನಾಲ್ಕು ಕ್ಲಿಪ್ಪಿನ ಹತ್ತು ಲೀಟರಿನ ಡಬ್ಬಿಗೆ ಸೇರಿಸುತ್ತೇನೆ. ಅದರೊಳಗಿನ ಜೆಲ್ ಪೂರ್ತಿ ಒಣಗಿರಬಾರದು. ಅದನ್ನು ಅರೆತೇವದ ಹದಕ್ಕೆ ತಂದರೆ ಡಬ್ಬಿ ಶೇ 45ರಿಂದ 50ರ ನಡುವೆ ತಾನಾಗಿಯೇ ನಿಲ್ಲುತ್ತದೆ. ಆ ಹದವನ್ನು ಹೇಗೆ ತರುತ್ತೇನೆ ಎಂಬುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಎರಡು ಮಳೆಗಾಲ ಕಳೆದು ಕಂಡುಕೊಂಡದ್ದು ಅದು. ಕಿತ್ತಳೆ ಬಣ್ಣದ ಜೆಲ್ ತೇವ ಹೀರಿ ಹಸಿರಾದಾಗ ಓವನ್‌ನಲ್ಲಿ 110–120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಒಣಗಿಸುತ್ತೇನೆ. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುವುದರಿಂದ ಮನೆಗೆ ತರುವುದಿಲ್ಲ. ಡಬ್ಬಿ, ಜೆಲ್, ತೇವಾಂಶ ಅಳೆಯುವ ಮೂರು ಹೈಗ್ರೋಮೀಟರ್ ಎಲ್ಲ ಸೇರಿ ಖರ್ಚು ನಾಲ್ಕು ಸಾವಿರ ದಾಟಲಿಲ್ಲ.

ಅಗ್ಗದ ಹೈಗ್ರೋಮೀಟರನ್ನು ಪರೀಕ್ಷಿಸದೆ ನಂಬಬೇಡಿ. ಅಡುಗೆ ಉಪ್ಪಿಗೆ ಕೆಸರಾಗುವಷ್ಟು ನೀರು ಬೆರೆಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಅದರ ಜೊತೆ ಒಂದು ದಿನ ಇಟ್ಟರೆ ಅದು ಶೇ 75 ತೋರಿಸಬೇಕು. ನನ್ನ ಮೂರರಲ್ಲಿ ಒಂದು 66 ಎಂದಿತು. ಅದರ ಮೇಲೆ 9 ಕೂಡಿಸಬೇಕೆಂದು ಬರೆದು ಅಂಟಿಸಿದ್ದೇನೆ.

ವೆಸ್ಟ್ ಎಂಡ್ ಮಾತ್ರ ಈ ಡಬ್ಬಿಯಲ್ಲಿಲ್ಲ. ಅದರ ಮುಳ್ಳುಗಳಲ್ಲಿ ರೇಡಿಯಂ ಇದೆ. ರೇಡಿಯಂನಿಂದ ಹೊರಡುವ ರೇಡಾನ್ ಅನಿಲ ಗಾಳಿಯಾಡದ ಡಬ್ಬಿಯಲ್ಲಿ ಸೇರಿಕೊಳ್ಳುವುದರಿಂದ ಅದನ್ನು ಮಲಗುವ ಕೋಣೆಯಿಂದ ದೂರ, ಗಾಳಿಯಾಡುವ ಬೇರೆ ಕಪಾಟಿನಲ್ಲಿಟ್ಟು, ಮಳೆಗಾಲದಲ್ಲಿ ಅದಕ್ಕೆ ಆಗಬಹುದಾದ ಅಷ್ಟಿಷ್ಟು ಹಾನಿಯನ್ನು ಒಪ್ಪಿಕೊಂಡಿದ್ದೇನೆ.

ಕಳೆದ ವರ್ಷ ಆಶ್ಲೇಷಾ ಮಳೆಯಲ್ಲಿ ಕೋಣೆಯ ತೇವಾಂಶ ವಾರಗಟ್ಟಲೆ ಶೇ 90ರ ಮೇಲಿದ್ದಾಗ ಡಬ್ಬಿ 47–48ರಲ್ಲೇ ನಿಂತಿತ್ತು. ಅಕ್ಟೋಬರಿನಲ್ಲಿ ಕಾನ್‌ಸ್ಟಲೇಷನ್ ಅನ್ನು ಹಾಸನಕ್ಕೆ ಒಯ್ದು ವಾಚಿನ ನಡೆ ಅಳೆಯುವ ಟೈಮ್‌ಗ್ರಾಫರ್ ಯಂತ್ರದ ಮೇಲೆ ಇಟ್ಟಾಗ, ಆಂಪ್ಲಿಟ್ಯೂಡ್ (ಒಳಗಿನ ಬ್ಯಾಲೆನ್ಸ್ ಚಕ್ರ ತೂಗುವ ಅಳತೆ) ಸುಮಾರು 275 ಡಿಗ್ರಿ, ದಿನಕ್ಕೆ ನಾಲ್ಕೈದು ಸೆಕೆಂಡು ಮುಂದೆ. ಮೇ ತಿಂಗಳಲ್ಲೂ ಹೆಚ್ಚು ಕಡಿಮೆ ಇಷ್ಟೇ ಇತ್ತು. ರಿಪೇರಿಯವರು ಗಾಜಿನ ಅಂಚನ್ನು ಮಸೂರದಲ್ಲಿ ಬಹಳ ಹೊತ್ತು ನೋಡಿ, ಮಾತಾಡದೆ ವಾಚನ್ನು ಹಿಂದಿರುಗಿಸಿದರು. ಈ ಮೇ ತಿಂಗಳಲ್ಲಿ ತಮ್ಮ ಸ್ವಂತದ ಎರಡು ವಾಚುಗಳನ್ನು ಬಟ್ಟೆಯಲ್ಲಿ ಸುತ್ತಿ ತಂದು, ‘ಇವನ್ನೂ ನಿಮ್ಮ ಡಬ್ಬಿಗೆ ಸೇರಿಸ್ಕೊಳ್ಳಿ ಗೌಡ್ರೇ, ದೀಪಾವಳಿಗೆ ಬಂದು ತಗೊಂಡು ಹೋಗ್ತೀನಿ’ ಎಂದರು. ಅವುಗಳಲ್ಲಿ ಒಂದರ ಹಿಂಬದಿ ತಿರುಪಿಲ್ಲದ, ಒತ್ತಿ ಕೂರಿಸುವ ಬಗೆಯದು. ಅದರ ಗ್ಯಾಸ್ಕೆಟ್ ಸವೆದಿದ್ದರಿಂದ ಅದನ್ನು ಬೇರೆ ಚಿಕ್ಕ ಡಬ್ಬಿಯಲ್ಲಿಟ್ಟು ಎರಡು ದಿನಕ್ಕೊಮ್ಮೆ ನೋಡುತ್ತಿದ್ದೇನೆ.